ಓಬವ್ವನ ಕಿಂಡಿಯಲ್ಲಿ ಗೆಳೆಯರ ಜೊತೆ ಕತೆ ಆಡುವುದು ತಪ್ಪಾ?

ಪ್ರಶ್ನೆ

ನಾನು ಚಿತ್ರದುರ್ಗದವಳು. ಮನೆಗೆ ಯಾರೇ ಬಂದರೂ ಅವರನ್ನು ಕೋಟೆ ಹತ್ತಿಸುವುದು ನಾನೇ. ಮೊದಲೆಲ್ಲ ಒಂದೊಂದು ಬಾಗಿಲ ಮುಂದೆ ನಿಂತು ಇಸವಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ಅದಕ್ಕೇ ಈಗ ಕತೆಯನ್ನು ಅವರ ಕೈಲೇ ಆಡಿಸುತ್ತೇನೆ.

ಕಳೆದ ತಿಂಗಳು ಪುಣೆಯಿಂದ ನಾಲ್ಕು ಜನ ಗೆಳೆಯರು ಬಂದಿದ್ದರು. ಒಬ್ಬ ಕಾವಲುಗಾರ ಮುದ್ದಹನುಮ, ಸುತ್ತಿದ ಪೇಪರೇ ಅವನ ಕಹಳೆ. ಒಬ್ಬಳು ಓಬವ್ವ. ಬಾಟಲಿ ಅವಳ ಕೊಡ, ಮಡಚಿದ ಟವಲು ಒನಕೆ. ಉಳಿದಿಬ್ಬರು ಕಿಂಡಿಯ ಆಚೆ, ಹೈದರಾಲಿಯ ಸೈನಿಕರು. ಮೊದಲನೆಯವನು ತಲೆ ಹೊರಗೆ ಹಾಕಿದ, ಟವಲಿನ ಏಟು ಬಿತ್ತು, ದೊಡ್ಡದಾಗಿ ಕೂಗಿ ಬಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಷ್ಟರಲ್ಲಿ ನೋಡಿದರೆ ಪಕ್ಕದಲ್ಲಿ ಒಬ್ಬರು ಅಜ್ಜಿ, ಮೊಮ್ಮಕ್ಕಳ ಕೈ ಹಿಡಿದು ಬಂದವರು, ಆ ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮಗೆ ಏನೂ ಅನ್ನಲಿಲ್ಲ. ಆದರೆ ನನಗೆ ಅವತ್ತಿಂದ ಸಮಾಧಾನವಿಲ್ಲ. ಆಟ ಬಿಟ್ಟುಬಿಡಲಾ?

ಉತ್ತರ 1

ಬಿಡಬೇಡಿ. ಆದರೆ ಏಟು ಆಡಬೇಡಿ, ಅದಕ್ಕೆ ಮುಂಚಿನದನ್ನು ಆಡಿ.

ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಊಟದಿಂದ ಶುರು ಮಾಡುತ್ತೇನೆ. ಗಂಡ ಕಾವಲು ಬಿಟ್ಟು ಊಟಕ್ಕೆ ಬಂದಿದ್ದಾನೆ. ಮನೆಯಲ್ಲಿ ಕುಡಿಯಲು ನೀರಿಲ್ಲ. ಅವಳು ಕೊಡ ಹಿಡಿದು ತಣ್ಣೀರು ದೋಣಿ ಅನ್ನುವ ನೀರಿನ ಹೊಂಡಕ್ಕೆ ಹೊರಡುತ್ತಾಳೆ. ನೀರು ತರಲು ಹೋದದ್ದಕ್ಕೇ ಅಲ್ವಾ ಅವಳಿಗೆ ಶತ್ರುಗಳು ಕಂಡದ್ದು? ಅಷ್ಟು ದೂರ ಬಾಟಲಿ ಹಿಡಿದು ಸುಮ್ನೆ ನಡೆಸಿ.

ಆಮೇಲೆ ಸೈನಿಕನಾದವನನ್ನು ಕಿಂಡಿಯಲ್ಲಿ ನಿಧಾನವಾಗಿ ನುಸುಳಲು ಹೇಳಿ. ಬಗ್ಗಬೇಕು, ತಲೆ ಮೊದಲು ಬರುತ್ತದೆ, ಕತ್ತಿ ಎತ್ತಲು ಜಾಗವಿಲ್ಲ, ಹಿಂದಿರುವವನಿಗೆ ಮುಂದೇನಾಗುತ್ತಿದೆ ಅಂತ ಕಾಣುವುದಿಲ್ಲ. ಒಬ್ಬ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಅನ್ನುವ ಪ್ರಶ್ನೆಗೆ ಅವನ ಮೈಯೇ ಉತ್ತರ ಕೊಡುತ್ತದೆ.

ಉತ್ತರ 2

ನಗಬೇಕಾದರೆ ಕೋಟೆಯಲ್ಲಿ ಬೇರೆ ಜಾಗ ಬೇಕಾದಷ್ಟಿವೆ. ಬಾಗಿಲುಗಳ ದಾರಿ ಹಾವಿನ ಹಾಗೆ ತಿರುಗುತ್ತದಲ್ಲ, ಅಲ್ಲಿ ಶತ್ರು ಸೈನ್ಯವಾಗಿ ನುಗ್ಗಿ ಬರಲು ಹೇಳಿ. ವೇಗ ಹಿಡಿಯುವಷ್ಟರಲ್ಲಿ ಗೋಡೆ ಎದುರಾಗುತ್ತದೆ. ಕೋವಿಮದ್ದು ಬೀಸುವ ಕಲ್ಲುಗಳಿರುವ ಗುಂಡಿಯ ಹತ್ತಿರ ನಾಲ್ವರು ಹೆಗಲು ಕೊಟ್ಟು, ಗುಂಡಿಯ ಹೊರಗೇ, ಗಾಣದ ಎತ್ತಿನ ಹಾಗೆ ಸುತ್ತಿ ನೋಡಲಿ.

ಇನ್ನೊಂದು ಮಾತು. ಓಬವ್ವ ಗೆದ್ದಳು ಅನ್ನುವಲ್ಲಿಗೆ ಕತೆ ನಿಲ್ಲಿಸಬೇಡಿ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಬಂದವರಿಗೆ ಇದನ್ನೂ ಹೇಳಲೇಬೇಕು. ಸೋತದ್ದನ್ನು ಮುಚ್ಚಿಟ್ಟರೆ ಅವಳು ಕಾದದ್ದರ ಬೆಲೆಯೂ ಗೊತ್ತಾಗುವುದಿಲ್ಲ.

ಮಳೆಯಲ್ಲಿ ಬಂಡೆ ಜಾರುತ್ತದೆ, ಕಿಂಡಿಯ ಆಟ ಆಗ ಬೇಡವೇ ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಆಫೀಸಿನ ಇಬ್ಬರು ಬಂದಿದ್ದರು. ಜನ ಸೇರುವ ಮೊದಲೇ ಹೋದೆವು. ಟವಲು ಬ್ಯಾಗಿನಿಂದ ತೆಗೆಯಲೇ ಇಲ್ಲ. ಒಬ್ಬರು ಕಿಂಡಿಯಲ್ಲಿ ನುಸುಳಿ ಅರ್ಧ ಬಂದು, ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಬರೀ ಬಾಟಲಿ ಹಿಡಿದು ನಿಂತಿದ್ದೆ. "ಇಲ್ಲಿಂದ ಬೇಗ ಹಿಂದಕ್ಕೆ ಹೋಗೋಕೂ ಆಗಲ್ಲ" ಅಂದರು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

1779ರ ವಿಷಯ ಇಳಿಯುವಾಗ ಹೇಳಿದೆ. ಮದಕರಿಗೆ ಆಮೇಲೆ ಏನಾಯಿತು ಅಂತ ಕೆಳಗಿನ ಬಾಗಿಲವರೆಗೂ ಕೇಳುತ್ತಲೇ ಇದ್ದರು.