ನೀವು ಹೋಗಿದ್ದ ಕ್ಯಾಂಪಿಗೇ ಮಗಳನ್ನೂ ಕಳಿಸ್ತೀರಾ?

ಗುಂಪು: ನಮ್ಮ ಮನೆ ಮಂದಿ

ಸುಧಾ ಅತ್ತೆ (ಫಾರ್ವರ್ಡ್): ಎಲ್ಲ ತಂದೆ-ತಾಯಂದಿರೂ ತಪ್ಪದೇ ಓದಿ. ನೀವು ಚಿಕ್ಕವರಿದ್ದಾಗ ಹೋಗಿದ್ದ ಬೇಸಿಗೆ ಶಿಬಿರಕ್ಕೇ ನಿಮ್ಮ ಮಕ್ಕಳನ್ನೂ ಕಳಿಸಿದರೆ ಅವರಿಗೆ ಮನೆ ನೆನಪು ಕಾಡುವುದೇ ಇಲ್ಲ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಅತ್ತರೂ ಮೂರೇ ದಿನ, ನಾಲ್ಕನೇ ದಿನ ತಾನಾಗೇ ಸರಿಹೋಗುತ್ತದೆ. ಹೊರಡುವ ಮುಂಚೆ "ಇಷ್ಟ ಆಗದಿದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಡಿ, ಮಗುವಿಗೆ ಧೈರ್ಯ ಬರುತ್ತದೆ. ಹತ್ತು ಜನರಿಗೆ ಕಳಿಸಿ.

ಸುಧಾ ಅತ್ತೆ: ರಶ್ಮಿ, ನೋಡಮ್ಮ, ನಾನು ಹೇಳಿದ್ದೇ ಬಂದಿದೆ. ಪುಟ್ಟೀನ ನೀನು ಹೋಗಿದ್ದ ಕ್ಯಾಂಪಿಗೇ ಹಾಕು.

ಹರ್ಷ: ಯಾವ ವಿಜ್ಞಾನಿ ಅತ್ತೆ? ಯಾವ ವರ್ಷ? ಲಿಂಕ್ ಎಲ್ಲಿ?

ಸುಧಾ ಅತ್ತೆ: ಎಲ್ಲದಕ್ಕೂ ಲಿಂಕ್ ಕೇಳಬೇಡಪ್ಪಾ. ಕ್ಯಾಂಪಿಗೆ ಹೋಗಿ ಬಂದವರಿಗೆ ಗೊತ್ತಿರತ್ತೆ.

ಹರ್ಷ: ನಾನು ಹೋಗಿಲ್ಲ ಅಂತ ತಾನೇ ನೀವು ಹೇಳ್ತಿರೋದು? ಕಿರಣನಿಗೂ ಅಕ್ಕನಿಗೂ ಫಾರ್ಮ್ ತುಂಬಿದವರು ಯಾರು, ನನ್ನದು ಬಿಟ್ಟವರು ಯಾರು ಅನ್ನೋದು ಈ ಗುಂಪಲ್ಲಿ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಹಳೇದೆಲ್ಲ ಈಗ್ಯಾಕಪ್ಪಾ. ಮಕ್ಕಳು ಒಂದೆರಡು ವಾರ ತಾಯಿ ಸೆರಗು ಬಿಟ್ಟು ಇರೋದು ಕಲೀಬೇಕು, ಅಷ್ಟೇ. 1907ರಲ್ಲಿ ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನ ಕಟ್ಟಿಕೊಂಡು ಶಿಬಿರ ಮಾಡಿದಾಗ ಯಾವ ತಾಯಿ ದಿನಾ ವಿಚಾರಿಸಿಕೊಳ್ತಿದ್ದಳು?

ಹರ್ಷ: ಅದು ಆಗಸ್ಟ್ 1ರಿಂದ 8ರವರೆಗೆ ದೊಡ್ಡಪ್ಪ. ಒಂದೆರಡು ವಾರ ಅಲ್ಲ.

ದೊಡ್ಡಪ್ಪ: ನಾನು ಬಾಯಿ ತೆಗೆದ್ರೆ ತಿದ್ದೋದೇ ನಿನ್ನ ಕೆಲಸ.

ಕಿರಣ: ಬೆಂಕಿ ಸುತ್ತ ಕೂತು ಹಾಡು, ಡೇರೆಯೊಳಗೆ ಲಾಟೀನು, ಹೊರಗೆ ಮಳೆ ಸದ್ದು... ಅಲ್ಲಿ ಏನೂ ಬದಲಾಗಿರಬಾರದು.

ನಾಗೇಶ ಮಾವ: ಬದಲಾಗಿರಲೇಬೇಕು ಕಣೋ. ಡೇರೆಯೊಳಗೆ ಲಾಟೀನು ಹಚ್ಚಿದ್ರೆ ಬಟ್ಟೆಗೆ ಬೆಂಕಿ ಹತ್ತೋ ಭಯ ಒಂದು ಕಡೆ, ಮುಚ್ಚಿದ ಡೇರೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಸೇರಿಕೊಳ್ಳೋ ಭಯ ಇನ್ನೊಂದು ಕಡೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಒಳಗೆ ಬ್ಯಾಟರಿ ದೀಪ ಮಾತ್ರ ಇರಬೇಕು. ಹೊರಗಿನ ಬೆಂಕಿಗೂ ಲೆಕ್ಕ ಇದೆ: ಸುತ್ತ 3 ಮೀಟರ್ ಒಣಹುಲ್ಲು, ಎಲೆ ಗುಡಿಸಿರಬೇಕು, ನೀರಿನ ಬಕೆಟ್ ಪಕ್ಕದಲ್ಲೇ ಇರಬೇಕು. ಆರಿಸುವಾಗ ನೀರು ಹೊಯ್ದು, ಕೋಲಿಂದ ಕೆದಕಿ, ಮತ್ತೆ ಹೊಯ್ಯಬೇಕು. ಅಂಗೈ ಹಿಂಭಾಗ ಹತ್ತಿರ ಹಿಡಿದ್ರೂ ಬಿಸಿ ತಾಗಬಾರದು. ಮೇಲೆ ಬೂದಿ ತಣ್ಣಗಿರತ್ತೆ, ಕೆಳಗೆ ಕೆಂಡ ಉಳಿದಿರತ್ತೆ. ಬೆಳಗಿನ ಗಾಳಿಗೆ ಹೊತ್ತಿಕೊಳ್ಳೋದು ಅದೇ.

ಕಿರಣ: ಅಪ್ಪ, ನಾನು ನೆನಪು ಹೇಳಿದ್ರೆ ನೀವು ಪಾಠ ಶುರು ಮಾಡ್ತೀರಿ.

ರಶ್ಮಿ: ನಂಗೆ ಪಾಠಾನೇ ಬೇಕು. ಶುಕ್ರವಾರ ಫಾರ್ಮಿಗೆ ಕೊನೇ ದಿನ. ಅವಳಿಗೆ 9 ವರ್ಷ. ಮಾವ, ಕ್ಯಾಂಪಿಗೆ ಫೋನ್ ಮಾಡಿ ಏನೇನು ಕೇಳಲಿ?

ನಾಗೇಶ ಮಾವ: ಮೊದಲು ಇದನ್ನ ಕೇಳು: ರಾತ್ರಿ ಮಲಗೋ ಹೊತ್ತಲ್ಲಿ ಎಷ್ಟು ಮಕ್ಕಳಿಗೆ ಒಬ್ಬ ದೊಡ್ಡವರು? ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಇಟ್ಟಿರೋ ಅಳತೆ ಪ್ರಕಾರ, ರಾತ್ರಿ ಉಳಿಯೋ ಶಿಬಿರದಲ್ಲಿ 6ರಿಂದ 8 ವರ್ಷದವರಾದ್ರೆ 6 ಮಕ್ಕಳಿಗೆ ಒಬ್ಬರು, 9ರಿಂದ 14 ವರ್ಷದವರಾದ್ರೆ 8 ಮಕ್ಕಳಿಗೆ ಒಬ್ಬರು. "100 ಮಕ್ಕಳು, 20 ಜನ ಸಿಬ್ಬಂದಿ" ಅಂದ್ರೆ ಅಲ್ಲಿಗೇ ಬಿಡಬೇಡ. ಅದರಲ್ಲಿ ಅಡುಗೆಯವರು, ಡ್ರೈವರು, ಆಫೀಸಿನವರು ಎಲ್ಲ ಸೇರಿರ್ತಾರೆ. ಮಕ್ಕಳ ಜೊತೆ ಮಲಗೋರು ಎಷ್ಟು ಜನ ಅಂತ ಬಿಡಿಸಿ ಕೇಳು.

ನಾಗೇಶ ಮಾವ: ಆಮೇಲೆ, ದೊಡ್ಡವರೊಬ್ಬರು ಒಂದೇ ಮಗು ಜೊತೆ ಬೇರೆಯವರ ಕಣ್ಣಿಗೆ ಬೀಳದ ಕಡೆ ಇರಬಾರದು ಅನ್ನೋ ನಿಯಮ ಬರೆದಿಟ್ಟಿದ್ದಾರಾ? ಮಕ್ಕಳ ಸ್ನಾನದ ಜಾಗ, ದೊಡ್ಡವರದು ಬೇರೆ ಬೇರೆ ಇದೆಯಾ? ಕೆಲಸಕ್ಕೆ ತಗೊಳ್ಳುವಾಗ ಹಿನ್ನೆಲೆ ಹೇಗೆ ವಿಚಾರಿಸ್ತಾರೆ? "ಎಲ್ಲ ನಮ್ಮಲ್ಲೇ ಕಲಿತು ಬೆಳೆದವರು" ಅಂದ್ರೆ ಅದು ಉತ್ತರ ಆಗಲ್ಲ.

ಸುಧಾ ಅತ್ತೆ: ಏನ್ರೀ, ಅಲ್ಲಿಯವರ ಮೇಲೇ ಅನುಮಾನಾನಾ? ಆ ಮೇಷ್ಟ್ರು ದೇವರಂಥವರು.

ನಾಗೇಶ ಮಾವ: ಆ ಮೇಷ್ಟ್ರು ಈಗ ಅಲ್ಲಿಲ್ಲ ಸುಧಾ. ಜಾಗ ಅದೇ, ಬೋರ್ಡೂ ಅದೇ. ಆದ್ರೆ ಮಕ್ಕಳು ಇರೋದು ಆ ಬೇಸಿಗೆಯಲ್ಲಿ ಅಲ್ಲಿರೋ ಹುಡುಗ-ಹುಡುಗಿಯರ ಕೈಯಲ್ಲಿ. ಅವರು ಎರಡು-ಮೂರು ವರ್ಷಕ್ಕೆ ಬದಲಾಗ್ತಾರೆ. ರಶ್ಮಿಗೆ ಗೊತ್ತಿರೋದು ಹಳಬರು, ಪುಟ್ಟಿಗೆ ಸಿಗೋದು ಹೊಸಬರು.

ಹರ್ಷ: ನಾನು ಮೊದಲಿಂದ ಇದನ್ನೇ ಹೇಳ್ತಿದ್ದೆ.

ಸುಧಾ ಅತ್ತೆ: ನೀನು ಲಿಂಕ್ ಕೇಳಿದ್ದು. ಮೇಲೆ ಹೋಗಿ ನೋಡು.

ರಶ್ಮಿ: ಕೆರೆ ಇದೆ ಮಾವ. ದಿನಾ ಈಜು ಇರತ್ತೆ.

ನಾಗೇಶ ಮಾವ: ಹಂಗಾದ್ರೆ ಗಟ್ಟಿಯಾಗಿ ಕೇಳು. ಮೊದಲ ದಿನವೇ ಪ್ರತಿ ಮಗುವನ್ನೂ ನೀರಿಗಿಳಿಸಿ ಈಜು ಪರೀಕ್ಷೆ ಮಾಡಬೇಕು. ಫಾರ್ಮಲ್ಲಿ "ಈಜು ಬರುತ್ತದೆ" ಅಂತ ಬರೆದದ್ದನ್ನ ನಂಬಬಾರದು. ಈಜುಕೊಳದಲ್ಲಿ ಕಲಿತ ಮಗುವಿಗೆ ಕೆರೆ ಹೊಸದು: ತಳ ಕಾಣಲ್ಲ, ಹಿಡಿಯೋಕೆ ಅಂಚಿಲ್ಲ, ತಣ್ಣೀರಿಗೆ ಉಸಿರು ಕಟ್ಟತ್ತೆ. ಬರದವರಿಗೆ ಬೇರೆ ಬಣ್ಣದ ಪಟ್ಟಿ ಕಟ್ಟಿ, ಆಳ ಇಲ್ಲದ ಕಡೆ ಹಗ್ಗದ ಗಡಿಯೊಳಗೇ ಇಡಬೇಕು. ಉಳಿದವರು ಜೋಡಿ ಜೋಡಿ. 10 ನಿಮಿಷಕ್ಕೊಂದು ಸೀಟಿ ಹೊಡೆದಾಗ ಜೋಡಿಗಳು ಕೈ ಹಿಡಿದು ಎತ್ತಬೇಕು, ದಡದಲ್ಲಿರೋರು ಎಣಿಸಬೇಕು. ಕಾವಲಿನವರಿಗೆ ಆಟ ಆಡಿಸೋದು, ಫೋಟೋ ತೆಗೆಯೋದು ಯಾವುದೂ ಇರಬಾರದು. ಮುಳುಗೋ ಮಗು ಕೂಗಲ್ಲಮ್ಮ. ಬಾಯಿ ನೀರಿನ ಮಟ್ಟದಲ್ಲೇ ಮೇಲೆ ಕೆಳಗೆ ಆಗ್ತಿರತ್ತೆ, ಉಸಿರಿಗೇ ಹೊತ್ತು ಸಾಲಲ್ಲ. ದೂರದಿಂದ ನೋಡಿದ್ರೆ ಆಡ್ತಿರೋ ಹಾಗೇ ಕಾಣತ್ತೆ.

ಕಿರಣ: ಆ ಹಲಗೆ ಮೇಲಿಂದ ಕೆರೆಗೆ ಹಾರ್ತಿದ್ವಲ್ಲ ರಶ್ಮಿ ಅಕ್ಕ!

ನಾಗೇಶ ಮಾವ: ಅದನ್ನೂ ಕೇಳು ರಶ್ಮಿ. ಹೂಳು ತುಂಬಿದ್ರೆ ಆಳ ಕಡಿಮೆಯಾಗಿರತ್ತೆ. ತಲೆ ಮುಂದು ಮಾಡಿ ಹಾರಿದವರಿಗೆ ಕುತ್ತಿಗೆ ಮೂಳೆ ಮುರಿಯತ್ತೆ. ಪ್ರತಿ ವರ್ಷ ಆಳ ಅಳೀತಾರಾ ಅಂತ ಕೇಳು.

ವೀಣಾ: ಈಗ ಡ್ಯೂಟಿ ಮುಗೀತು, ಎಲ್ಲ ಓದಿದೆ. ಅತ್ತೆ, ನೀವು ಕಳಿಸಿದ್ದರಲ್ಲಿ ಮಾತು ಕೊಡೋ ಸಾಲು ಯಾರಾದ್ರೂ ಓದಿದ್ರಾ?

ಸುಧಾ ಅತ್ತೆ: ಬಂದ್ರು ಡಾಕ್ಟ್ರು. ಜ್ವರದ ಮೆಸೇಜಿಗೂ ಎಲ್ಲರೆದುರು ನನ್ನ ತಿದ್ದಿದ್ದೆ, ಮರೆತಿಲ್ಲ ನಾನು.

ವೀಣಾ: ಇದು ಪುಟ್ಟಿ ವಿಷಯ ಅತ್ತೆ. ಮನೆ ನೆನಪು ಕಾಡೋದರ ಬಗ್ಗೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನೋ ಮಕ್ಕಳ ಡಾಕ್ಟರುಗಳ ಸಂಘ 2007ರಲ್ಲಿ ವರದಿ ತಂದಿದೆ. ಬರೆದವರು ಥರ್ಬರ್, ವಾಲ್ಟನ್ ಅಂತ. ಹರ್ಷ, ನೀನೇ ಹುಡುಕಿ ಓದು. ಅದರಲ್ಲಿ ಇರೋದು ಈ ಮೆಸೇಜಿಗೆ ಪೂರ್ತಿ ಉಲ್ಟಾ: "ಬಂದು ಕರ್ಕೊಂಡು ಹೋಗ್ತೀನಿ" ಅಂತ ಮಾತು ಕೊಡಲೇಬೇಡಿ. ಕೊಟ್ರೆ, "ನಿನ್ನ ಕೈಲಿ ಆಗಲ್ಲ ಅಂತ ನಂಗೆ ಮೊದಲೇ ಗೊತ್ತು" ಅಂತ ಮಗುವಿಗೆ ಕೇಳಿಸತ್ತೆ. ಮೊದಲ ಬೇಜಾರಿಗೇ ಫೋನ್ ಕೇಳತ್ತೆ. ನೀವು ಹೋಗದಿದ್ರೆ ಮಾತು ತಪ್ಪಿದ ಹಾಗೆ, ಹೋದ್ರೆ ಅದು ನಿಭಾಯಿಸೋದು ಕಲಿಯೋ ಅವಕಾಶವೇ ಹೋಯ್ತು.

ವೀಣಾ: ಅದರ ಬದಲು, ಮನೆ ನೆನಪಾಗೋದು ಎಲ್ಲರಿಗೂ ಇದ್ದದ್ದೇ ಅಂತ ಮುಂಚೆನೇ ಹೇಳಿ. ಆದಾಗ ಏನು ಮಾಡಬೇಕು ಅಂತ ಅವಳ ಜೊತೆಗೇ ಗೊತ್ತು ಮಾಡಿ: ಆಟಕ್ಕೆ ಸೇರೋದು, ಗೆಳತಿಗೆ ಹೇಳೋದು, ಕಾಗದ ಬರೆಯೋದು, ಜೊತೆಯಲ್ಲಿರೋ ಅಕ್ಕನ ಹತ್ತಿರ ಹೋಗೋದು. ಕವರಿಗೆ ವಿಳಾಸ ಬರೆದು, ಸ್ಟಾಂಪ್ ಹಚ್ಚಿ ಕೊಡಿ, ಇಲ್ಲದಿದ್ರೆ ಕಾಗದ ಚೀಲದಲ್ಲೇ ಉಳಿಯತ್ತೆ. ಮುಂಚೆ ಎರಡು-ಮೂರು ರಾತ್ರಿ ಬೇರೆಯವರ ಮನೇಲಿ ಫೋನ್ ಇಲ್ಲದೆ ಇದ್ದು ಅಭ್ಯಾಸ ಆಗಬೇಕು. ದಿನಗಟ್ಟಲೆ ಊಟ, ನಿದ್ರೆ ಬಿಟ್ರೆ ಕ್ಯಾಂಪಿನವರೇ ನಿಮಗೆ ಹೇಳಬೇಕು. ಅದು ದೊಡ್ಡವರ ತೀರ್ಮಾನ, ಮಗುವಿನ ಮೇಲೆ ಹೊರಿಸೋದಲ್ಲ.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ ಅಲ್ವಾ ವೀಣಾ, ಸೆರಗು ಬಿಡಿಸಬೇಕು ಅಂತ.

ವೀಣಾ: ಅಲ್ಲಪ್ಪ. ತನ್ನನ್ನ ಕೇಳದೇ ಕಳಿಸಿದ್ರು ಅನ್ನಿಸಿದ ಮಗುವಿಗೇ ಹೆಚ್ಚು ಕಾಡೋದು. ಇಷ್ಟು ಮೆಸೇಜಲ್ಲಿ ಪುಟ್ಟಿಗೆ ಏನು ಬೇಕು ಅಂತ ಒಬ್ಬರೂ ಕೇಳಿಲ್ಲ.

ರಶ್ಮಿ: ಅವಳಿಗೆ ಬಿಲ್ಲುಗಾರಿಕೆ ಬೇಕು. "ಅಮ್ಮ ಹೋಗಿದ್ದ ಜಾಗ" ಅಂದಾಗಲೆಲ್ಲ ಸುಮ್ಮನಾಗ್ತಾಳೆ.

ವೀಣಾ: ಹಂಗಾದ್ರೆ ನಿನ್ನ ನೆನಪುಗಳನ್ನ ಸ್ವಲ್ಪ ಕಡಿಮೆ ಹೇಳು ರಶ್ಮಿ. ಅಪ್ಪ-ಅಮ್ಮ ಹೋಗಿದ್ದ ಕ್ಯಾಂಪಿನ ಕಷ್ಟವೇ ಇದು. ಅಮ್ಮನಿಗೆ ಇಷ್ಟ ಆದದ್ದು ನಂಗೆ ಆಗದಿದ್ರೆ ತಪ್ಪು ನಂದೇ ಅಂದ್ಕೊಂಡು ಮಗು ಬಾಯಿ ಬಿಡಲ್ಲ. "ನಾನು ಒಂದು ದಿನವೂ ಅಳಲಿಲ್ಲ" ಅಂತ ಮಾತ್ರ ಹೇಳಬೇಡ. ಈಗಿನ ದಿನಚರಿ ಹಾಳೆ ತರಿಸಿ ಅವಳ ಕೈಗೇ ಕೊಡು. ಬಿಲ್ಲುಗಾರಿಕೆ ವಾರಕ್ಕೆ ಎಷ್ಟು ಗಂಟೆ ಇದೆ ಅಂತ ಅವಳೇ ನೋಡಲಿ. ಇಲ್ಲ ಅಂದ್ರೆ ಬೇರೆ ಕ್ಯಾಂಪ್ ನೋಡು.

ಸುಧಾ ಅತ್ತೆ: ಬೇರೆ ಕ್ಯಾಂಪಾ?

ವೀಣಾ: ಹೂಂ ಅತ್ತೆ. ಇನ್ನು ಔಷಧಿ. ಅವಳ ಇನ್‌ಹೇಲರ್ ಅಂಗಡಿ ಡಬ್ಬಿಯಲ್ಲೇ, ವೈದ್ಯರ ಚೀಟಿ ಸಮೇತ ಇರಲಿ. ಪೆಟ್ಟಿಗೆ ತಳಕ್ಕೆ ಹಾಕಬೇಡ. ನಡಿಗೆಗೆ ಹೋದಾಗಲೂ ಜೊತೆಗಿರೋ ದೊಡ್ಡವರ ಚೀಲದಲ್ಲಿರಬೇಕು. ಸಿರಪ್ ಇದ್ರೆ "ಒಂದು ಚಮಚ" ಅಂತ ಬರೀಬೇಡ, ಮಿಲಿಲೀಟರಲ್ಲಿ ಬರಿ, ಚಮಚಗಳೆಲ್ಲ ಒಂದೇ ಅಳತೆ ಇರಲ್ಲ. ಹೊಸ ಶೂ ಕೊಳ್ಳೋದಾದ್ರೆ ಈಗಲೇ ಕೊಂಡು ಎರಡು ವಾರ ಮನೇಲಿ ಹಾಕಿಸು. ಪೆಟ್ಟಿಗೆ ಅವಳೇ ಜೋಡಿಸಲಿ. ನೀನು ಜೋಡಿಸಿದ್ರೆ ಕತ್ತಲಲ್ಲಿ ಅವಳಿಗೆ ಟಾರ್ಚ್ ಸಿಗಲ್ಲ.

ಕಿರಣ: ಹಳೇ ಫೋಟೋ ಸಿಕ್ತು, ಹಾಕಿದೀನಿ ನೋಡಿ.

ಹರ್ಷ: ಇದರಲ್ಲೂ ನಾನಿಲ್ಲ.

ಸುಧಾ ಅತ್ತೆ: ಆಗ ನಿಂಗೆ ವಯಸ್ಸು ಸಾಲ್ತಿರಲಿಲ್ಲ ಕಣೋ.

ಹರ್ಷ: ಕಿರಣ ನನಗಿಂತ ಆರು ತಿಂಗಳು ಚಿಕ್ಕವನು ಅತ್ತೆ.

ರಶ್ಮಿ: ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ. ರಾತ್ರಿ ಸಿಬ್ಬಂದಿ, ಒಂಟಿ ಇರಬಾರದ ನಿಯಮ, ಕೆರೆ, ಔಷಧಿ, ದಿನಚರಿ ಹಾಳೆ. ವೀಣಕ್ಕ, ಈ ವಾರ ಮೂರು ರಾತ್ರಿ ಪುಟ್ಟಿ ನಿಮ್ಮನೇಲಿ ಇರಬಹುದಾ?

ವೀಣಾ: ನಾಳೆ ಸಂಜೆನೇ ಬಿಡು. ಭಾನುವಾರದ ತನಕ ಫೋನ್ ಮಾಡಬೇಡ.

ಸುಧಾ ಅತ್ತೆ: ನಮ್ಮನೆಗೆ ಯಾಕೆ ಬಿಡಬಾರದು?