ಭರಣಿ ಮಳೆ ಬಂತು, ಆದ್ರೆ ಕೆಳಗಿನ ಮಣ್ಣು ಇನ್ನೂ ಒಣಗಿದೆ. ಈಗ ಕೈತೋಟಕ್ಕೆ ಏನು ಮಾಡಬೇಕು?

ಕುವೆಂಪುನಗರ_ಕೈತೋಟ
ಎರಡು ತಿಂಗಳ ಬಿಸಿಲಾದ ಮೇಲೆ ನಿನ್ನೆ ಸಂಜೆ ಮೈಸೂರಲ್ಲಿ ಗುಡುಗು, ಗಾಳಿ ಸಮೇತ ಮುಕ್ಕಾಲು ಗಂಟೆ ಮಳೆ. ಅಂಗಳದಲ್ಲಿಟ್ಟ ನೆಟ್ಟಗಿನ ಡಬ್ಬದಲ್ಲಿ ಸ್ಕೇಲಿಟ್ಟು ಅಳೆದರೆ 18 ಮಿ.ಮೀ. ಬೆಳಿಗ್ಗೆ ಕೆದಕಿ ನೋಡಿದ್ರೆ ಮೇಲೆ ನಾಲ್ಕು ಬೆರಳಷ್ಟು ಒದ್ದೆ, ಕೆಳಗೆಲ್ಲ ಪುಡಿಪುಡಿ. ಕೆಂಪು ಮಣ್ಣು. ತೆಂಗು, ನಿಂಬೆ, ಮಲ್ಲಿಗೆ, ಟೊಮೇಟೊ ಇವೆ. ತಾರಸಿ ಮೇಲೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡಗಳು. ನೀರು ಎಷ್ಟು ದಿನ ನಿಲ್ಲಿಸಬಹುದು? ಗೊಬ್ಬರ, ಬಿತ್ತನೆ ಈಗಲೇನಾ? ಟೊಮೇಟೊ ಹಣ್ಣು ಸೀಳಿರೋದು ಯಾಕೆ?

ಮಂಡ್ಯ_ತೋಟದಮನೆ
ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ, ನಿಮ್ಮ ತೋಟಕ್ಕೆ ಒಳ್ಳೇ ಕಾಲದಲ್ಲೇ ಬಂದಿದೆ ಸರ್. ಆದರೆ 18 ಮಿ.ಮೀ. ಪೂರ್ತಿ ಇಂಗಿದ್ದರೆ ಕೆಂಪು ಗೋಡುಮಣ್ಣಿನಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಕಮ್ಮಿ ನೆನೀಬೇಕಿತ್ತು. ನಾಲ್ಕೇ ಬೆರಳು ಅಂದ್ರೆ ಉಳಿದದ್ದು ಹರಿದು ಹೋಗಿದೆ. ಬಿಸಿಲಿಗೆ ಮೇಲ್ಮಣ್ಣು ಹೆಪ್ಪುಗಟ್ಟಿರುತ್ತೆ, ಜೋರು ಮಳೆ ಅದರ ಮೇಲೆ ಜಾರುತ್ತೆ.

ಹಾಗಾಗಿ ಮರಗಳಿಗೆ ನೀರು ನಿಲ್ಲಿಸಬೇಡಿ, ಇವತ್ತೇ ಬಿಡಿ. ಮೇಲ್ಮಣ್ಣು ನೆಂದಿರುವಾಗ ಬಿಟ್ಟ ನೀರು ಜಾರದೆ ನೇರ ಕೆಳಗಿಳಿಯುತ್ತೆ. ತೆಂಗಿಗೆ ಬುಡದಿಂದ ಆರಡಿವರೆಗಿನ ಪಾತಿಯಲ್ಲಿ 200 ಲೀಟರ್. ನಿಂಬೆಗೆ ಕಾಂಡದ ಹತ್ತಿರ ಬೇಡ, ಕೊಂಬೆಯ ನೆರಳು ಮುಗಿಯೋ ಅಂಚಿನಲ್ಲಿ. ಆಮೇಲೆ ಮೂರು ಇಂಚು ಒಣ ತರಗು ಹೊದಿಸಿ. ಮಣ್ಣು ಒಣಗಿದ್ದಾಗಲೇ ಹೊದಿಸಿದರೆ ಸಣ್ಣ ಮಳೆಯನ್ನೆಲ್ಲ ತರಗೇ ಕುಡಿದುಬಿಡುತ್ತೆ.

ತರಕಾರಿ ಮಡಿಯನ್ನ ಎರಡು ದಿನ ಮುಟ್ಟದೆ ಹಾಗೇ ಬಿಡಿ. ಆಮೇಲೆ ಹದ ನೋಡಿ: ಒಂದು ಹಿಡಿ ಮಣ್ಣು ಅದುಮಿ ಉಂಡೆ ಮಾಡಿ ಸೊಂಟದೆತ್ತರದಿಂದ ಬೀಳಿಸಿ. ಒಡೆದು ಚೂರಾದರೆ ಹದ, ಚಪ್ಪಟೆಯಾಗಿ ಕೂತರೆ ಇನ್ನೊಂದು ದಿನ ಕಾಯಿರಿ. ಹಸಿಯಲ್ಲೇ ತುಳಿದು ಅಗೆದರೆ ಒಣಗಿದ ಮೇಲೆ ಇಟ್ಟಿಗೆ ಥರ ಹೆಂಟೆ ಏಳುತ್ತೆ.

ತಾರಸಿ_ಹಸಿರು
ಕುಂಡಗಳ ವಿಷಯ ಬೇರೆ. ಪೂರ್ತಿ ಒಣಗಿದ ಕೋಕೋಪೀಟ್ ಕುಗ್ಗಿ ಕುಂಡದ ಗೋಡೆ ಬಿಡುತ್ತೆ. ಮಳೆನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಆಚೆ ಹೋಗುತ್ತೆ, ಬೇರಿನ ಗಡ್ಡೆ ಒಣಗೇ ಉಳಿಯುತ್ತೆ. ಒಂದೊಂದೇ ಎತ್ತಿ ನೋಡಿ, ಹಗುರ ಇದ್ದದ್ದನ್ನ ಬಕೆಟ್ ನೀರಲ್ಲಿ ಅಂಚಿನವರೆಗೆ ಮುಳುಗಿಸಿ. ಗುಳ್ಳೆ ಬರೋದು ನಿಂತಾಗ ತೆಗೀರಿ, ಅರ್ಧ ಗಂಟೆ ಸಾಕು. ಕೆಳಗಿನ ತಟ್ಟೆಯ ನೀರನ್ನ ವಾರದೊಳಗೆ ಚೆಲ್ಲಲೇಬೇಕು, ಡೆಂಗಿ ಸೊಳ್ಳೆಗೆ ಅಷ್ಟೇ ದಿನ ಬೇಕು.

ಟೊಮೇಟೊ ಸೀಳೋದು ರೋಗ ಅಲ್ಲ. ಒಣಗಿದ್ದ ಗಿಡ ಒಮ್ಮೆಲೇ ನೀರೆಳೆದಾಗ ಒಳಗಿನ ತಿರುಳು ಉಬ್ಬುತ್ತೆ, ಬಲಿತ ಸಿಪ್ಪೆ ಹಿಗ್ಗಲ್ಲ. ಬಣ್ಣ ತಿರುಗಿದ್ದನ್ನೆಲ್ಲ ಇವತ್ತೇ ಕಿತ್ತು ಒಳಗೆ ಹಣ್ಣು ಮಾಡಿ. ನೆಲದಿಂದ ಒಂದಡಿವರೆಗಿನ ಎಲೆಗಳನ್ನ ಅವುಗಳ ಮೇಲಿನ ಮಳೆನೀರು ಆರಿದ ಮೇಲೆ ಕತ್ತರಿಸಿ. ಮಳೆಗೆ ಸಿಡಿದ ಮಣ್ಣಿನಿಂದಲೇ ಎಲೆಚುಕ್ಕೆ ಹತ್ತೋದು.

ಶ್ರೀರಂಗಪಟ್ಟಣ_ಮಣ್ಣು
ಮಣ್ಣು ಹದಕ್ಕೆ ಬಂದ ಮೇಲೆ ಗೊಬ್ಬರ ಹಾಕಿ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗ್ಬೇಕು, ಇದರಲ್ಲಿ ರಾಜಿ ಬೇಡ. ಮೊದಲ ಮಳೆಗೆ ನೆಲದಿಂದ ಗೊಣ್ಣೆಹುಳದ ಕಂದು ದುಂಬಿ ಎದ್ದು ಬರುತ್ತೆ, ಹಸಿ ಸಗಣಿ ಇದ್ದ ಕಡೆ ಮೊಟ್ಟೆ ಇಡುತ್ತೆ. ಮರಿಗಳು ಮಳೆಗಾಲದಲ್ಲಿ ಬೇರು ತಿಂದಾಗಲೇ ನಮಗೆ ಗೊತ್ತಾಗೋದು. ಹತ್ತಿರ ಬೇವಿನ ಮರ ಇದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ: ಎಲೆ ಕಚ್ಚಿಕೊಂಡು ಗೊಂಚಲು ಗೊಂಚಲಾಗಿ ಕೂತಿರ್ತವೆ. ಕೊಂಬೆ ಅಲ್ಲಾಡಿಸಿ, ಬಿದ್ದವನ್ನ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಅಕ್ಕಪಕ್ಕದ ಮನೆಯವರೂ ಕೈಜೋಡಿಸಿದರೆ ತುಂಬಾ ಒಳ್ಳೇದು.

ಬಿತ್ತನೆಗೆ ಬೆಂಡೆ, ಹಲಸಂದೆ, ಹೀರೆ. ಬೆಂಡೆ ಬೀಜ ರಾತ್ರಿ ನೆನೆಸಿ ಒಂದಿಂಚಿಗಿಂತ ಕಮ್ಮಿ ಆಳಕ್ಕೆ, ಅಡಿಗೊಂದು. ಮಲ್ಲಿಗೆ ಸವರಬೇಡಿ, ಹೂವಿನ ಕಾಲ. ನೇರಳೆ ಬಣ್ಣ ತಿರುಗಿದ, ತೂತಿರೋ ಮೊಗ್ಗು ಮಾತ್ರ ಕಿತ್ತು ಹಾಕಿ, ಒಳಗೆ ಹುಳ ಇರುತ್ತೆ.

ಕುವೆಂಪುನಗರ_ಕೈತೋಟ
ತುಂಬಾ ಉಪಕಾರ ಆಯ್ತು. ತಾರಸಿ 900 ಚದರಡಿ, ಅದರ ನೀರು ಹಿಡಿದಿಟ್ಟರೆ ಪ್ರಯೋಜನ ಉಂಟಾ?

ಮಂಡ್ಯ_ತೋಟದಮನೆ
ಖಂಡಿತ. ನಿನ್ನೆಯ 18 ಮಿ.ಮೀ.ಗೇ ಸುಮಾರು 1,500 ಲೀಟರ್ ಬಿದ್ದಿದೆ, ಸೋರಿಕೆ ಕಳೆದರೂ 1,200 ಸಿಗುತ್ತೆ. ಮೊದಲ ಐದು ನಿಮಿಷದ ನೀರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ, ಅದನ್ನ ಆಚೆ ಬಿಡಿ. ಆಮೇಲೆ ಪೈಪನ್ನ 200 ಲೀಟರ್ ಡ್ರಮ್ಮಿಗೆ ತಿರುಗಿಸಿ, ಬಾಯಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿ. ಡ್ರಮ್ ತುಂಬಿ ಉಕ್ಕಿದ್ದು ತೆಂಗಿನ ಪಾತಿಗೆ ಹೋಗೋ ಹಾಗೆ ಇಳಿಜಾರು ಕೊಡಿ.