ಏಸಿ ಹಾಕಿ ಗಂಟೆಯಾದರೂ ರೂಮು ತಣ್ಣಗಾಗಲ್ಲ, ಗ್ಯಾಸ್ ತುಂಬಿಸಲೇಬೇಕಾ?

ಕೇಳಿದವರು, ನಿಟ್ಟುವಳ್ಳಿ, ದಾವಣಗೆರೆ:
ಒಂದೂವರೆ ಟನ್ ಇನ್ವರ್ಟರ್ ಸ್ಪ್ಲಿಟ್, ತಗೊಂಡು ನಾಲ್ಕು ವರ್ಷ. ರೂಮು 12x13 ಅಡಿ, ಮೇಲೆ ತಾರಸಿ. ಹೋದ ಬೇಸಿಗೇಲಿ ಇಪ್ಪತ್ತು ನಿಮಿಷಕ್ಕೆ ಕೌದಿ ಎಳ್ಕೊಳ್ತಿದ್ವಿ. ಈಗ ರಾತ್ರಿ ಹತ್ತಕ್ಕೆ ಹಾಕಿದರೆ ಹನ್ನೊಂದೂವರೆಗೆ ಪರವಾಗಿಲ್ಲ ಅನ್ಸುತ್ತೆ. ಮೆಕ್ಯಾನಿಕ್ ಬಂದು ಪೈಪ್ ಮುಟ್ಟಿ ನೋಡಿ, 'ಗ್ಯಾಸ್ ಕಮ್ಮಿ ಐತೆ ಸಾರ್, ತುಂಬಿಸ್ಬೇಕು' ಅಂದ. ಗ್ಯಾಸಿನ ಒತ್ತಡ ಅಳೆಯೋ ಗೇಜ್ ಹಾಕಿ ನೋಡಲಿಲ್ಲ. ಅನುಭವ ಇದ್ದವರು ಹೇಳ್ರಿ.

ಒಬ್ಬರು, ದಾವಣಗೆರೆ:
ತಡೀರಿ, ದುಡ್ಡು ಕೊಡಬೇಡಿ. ಇದೇ ಮಾತು ಕೇಳಿ ನಾನು ಕೊಟ್ಟು ಕೂತವನು. ಏಸಿ ಗ್ಯಾಸು ಅಡುಗೆ ಸಿಲಿಂಡರ್ ಥರ ಉರಿದು ಖಾಲಿಯಾಗೋದಲ್ಲ, ಇದ್ದದ್ದೇ ಒಳಗೆ ಸುತ್ತುತ್ತಿರುತ್ತೆ. ಕಮ್ಮಿಯಾಗಿದ್ರೆ ಎಲ್ಲೋ ಲೀಕ್ ಐತೆ ಅಂತಲೇ ಅರ್ಥ. ಲೀಕ್ ಹುಡುಕದೆ ತುಂಬಿಸೋದು ತೂತಿನ ಕೊಡಕ್ಕೆ ನೀರು ಹೊಯ್ದಂಗೆ.

ನಮ್ಮನೇಲಿ ತೊಂದರೆ ಇದ್ದದ್ದು ತಾರಸಿ ಮೇಲಿನ ಔಟ್‌ಡೋರಲ್ಲಿ. ನಮ್ಮ ಕಡೆ ಮಂಡಕ್ಕಿ ಭಟ್ಟಿ ಹೊಗೆ, ಮಿಲ್ಲಿನ ಹೊಟ್ಟಿನ ಧೂಳು ಎರಡೂ ಬರುತ್ತೆ. ಮುಂದಿನಿಂದ ನೋಡಿದರೆ ಮೆಷಿನ್ನು ಫಳಫಳ. ಹಿಂದೆ ಬಗ್ಗಿ ನೋಡಿದೆ, ತೆಳು ಅಲ್ಯೂಮಿನಿಯಂ ಪಟ್ಟಿಗಳೇ ಕಾಣ್ತಿಲ್ಲ. ಉಗುರಲ್ಲಿ ಕೆದಕಿದರೆ ಕರಿ ಪದರ ದೋಸೆ ಎದ್ದಂಗೆ ಎದ್ದು ಬಂತು, ಬೆಣ್ಣೆ ಒಂದಿರಲಿಲ್ಲ. ಒಳಗಿನ ಶಾಖ ಹೊರಗೆ ಹೋಗೋ ದಾರಿಯೇ ಅದು. ಅದು ಕಟ್ಟಿಕೊಂಡರೆ ಕಂಪ್ರೆಸರ್ ಎಷ್ಟು ಓಡಿ ಏನು? ಎಂಸಿಬಿ ಆಫ್ ಮಾಡಿ, ಸಾದಾ ಪೈಪಲ್ಲಿ ನೀರು ಬಿಡಿ. ಬೈಕ್ ತೊಳೆಯೋ ಪ್ರೆಷರ್ ಗನ್ ಹತ್ತಿರ ಹಿಡಿದರೆ ಪಟ್ಟಿ ಮಡಚಿಕೊಳ್ತವೆ. ವೈರ್ ಇರೋ ಪಕ್ಕಕ್ಕೆ ನೀರು ಬೇಡ.

ಆಮೇಲೆ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಹಿಡಿದು, ಒಳಗಿನ ಯೂನಿಟ್ ಮೇಲಿಂದ ಎಳ್ಕೊಳ್ಳೋ ಗಾಳಿ ಎಷ್ಟು, ಕೆಳಗೆ ಬಿಡೋ ಗಾಳಿ ಎಷ್ಟು ನೋಡಿ. ಹದಿನೈದು ನಿಮಿಷ ಓಡಿದ ಮೇಲೆ ಹತ್ತು ಡಿಗ್ರಿ ಆಸುಪಾಸು ವ್ಯತ್ಯಾಸ ಇದ್ದರೆ ಮೆಷಿನ್ ಸರಿ ಐತೆ, ತಪ್ಪು ರೂಮಿಂದು. ಐದಾರೇ ಇದ್ದರೆ ಆಗ ಗೇಜ್ ಹಾಕಿಸಿ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿದ್ರೆ ಗ್ಯಾಸೇ ಅಂತ ಹಾರಬೇಡಿ, ಫಿಲ್ಟರ್ ಕಟ್ಟಿಕೊಂಡರೂ ಐಸ್ ಬರುತ್ತೆ.

ಇನ್ನೊಬ್ಬರು, ಚಿತ್ರದುರ್ಗ:
ಅದಕ್ಕೂ ಮುಂಚೆ ರಿಮೋಟ್ ನೋಡಿ ಸಾರ್. ನಮ್ಮದು ಕನ್ವರ್ಟಿಬಲ್, ಅಂದ್ರೆ ಮೆಷಿನ್ನಿನ ಶಕ್ತೀನ ರಿಮೋಟಲ್ಲೇ ಕಮ್ಮಿ-ಜಾಸ್ತಿ ಮಾಡೋ ಥರದ್ದು. ಮೊಮ್ಮಗ ಏನೋ ಒತ್ತಿ 40% ಮೋಡಲ್ಲಿ ಬಿಟ್ಟಿದ್ದ. ಎರಡು ವಾರ ಕಂಪನಿಗೆ ಬೈಕೊಂಡು ಮಲಗಿದ್ವಿ.

ಮತ್ತೊಬ್ಬರು, ದಾವಣಗೆರೆ:
ರಾತ್ರಿ ಹತ್ತಕ್ಕೆ ಮಂಚದ ಮೇಲೆ ನಿಂತು ಸೀಲಿಂಗಿಗೆ ಅಂಗೈ ಇಡಿ. ಬಿಸಿ ಹತ್ತಿದರೆ ನಿಮ್ಮ ಏಸಿ ಆರ್‌ಸಿಸಿಯನ್ನ ತಣ್ಣಗೆ ಮಾಡ್ತಾ ಐತೆ, ನಿಮ್ಮನ್ನಲ್ಲ. ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ. ಪೈಪಿಂದ ನೀರು ತೊಟ್ಟಿಕ್ತಿಲ್ಲ ಅಂತಲೂ ಹೆದರಬೇಡಿ. ಏಪ್ರಿಲ್‌ನ ನಮ್ಮ ಒಣ ಗಾಳೀಲಿ ನೀರು ಬೀಳೋದೇ ಕಮ್ಮಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ರಿಮೋಟ್ ಸರಿ ಇತ್ತು. ಫಿಲ್ಟರ್ ತೊಳೆದೆ, ಗಾಳಿ ಜೋರಾಯ್ತು, ತಂಪು ಅಷ್ಟಕ್ಕಷ್ಟೆ. ಭಾನುವಾರ ಔಟ್‌ಡೋರ್ ತೊಳೆದರೆ ಮೊದಲ ಎರಡು ಬಕೆಟ್ ನೀರು ಇಜ್ಜಲು ಕಲಸಿದಂಗೆ ಇಳೀತು. ಮುಂಚೆ ಏಳು ಡಿಗ್ರಿ ವ್ಯತ್ಯಾಸ ಇದ್ದದ್ದು ಈಗ ಹನ್ನೊಂದು. ಅರ್ಧ ಗಂಟೆಗೆ ರೂಮು ಹದಕ್ಕೆ ಬರ್ತೈತೆ, ಹಳೇ ಇಪ್ಪತ್ತು ನಿಮಿಷ ಬಂದಿಲ್ಲ. ಸೀಲಿಂಗ್ ಮುಟ್ಟಿ ನೋಡಿದೆ, ಹಂಚು ಮುಟ್ಟಿದಂಗೇ ಇತ್ತು. ಪೇಂಟಿನವರಿಗೆ ಹೇಳೀನಿ. ಮೆಕ್ಯಾನಿಕ್ ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದ, 'ಗ್ಯಾಸ್ ಯಾವಾಗ ತರ್ಲಿ ಸಾರ್' ಅಂತ.